ಅಳಿಯನ ಕಾಲ್ಗುಣ ಮತ್ತು ಕೆಂಪು ಕಾರು

ಗೆಲ್ಲುವವರ ಪಕ್ಷ ಹಿಡಿಯಲು ವಿಶೇಷ ಬುದ್ಧಿಯೇನೂ ಬೇಡ, ಪತ್ರಿಕೆ ಓದಿದರೆ ಸಾಕು. ಸೋಲುವವರನ್ನೇ ಹುಡುಕಿ, ಅವರ ಬೆನ್ನು ಹಿಡಿದು, ವರ್ಷಗಟ್ಟಲೆ ಅವರೊಂದಿಗೆ ಸೋಲುವುದಕ್ಕೆ ಮಾತ್ರ ಜಾತಕಬಲ ಬೇಕು. ನನಗೆ ಅದು ಧಾರಾಳವಾಗಿದೆ. ಬೆಂಗಳೂರಿನಲ್ಲಿದ್ದಾಗ ನಾನು ಓಟು ಹಾಕಿದವರೆಲ್ಲ ಠೇವಣಿ ಕಳೆದುಕೊಂಡರು. ನಾನು ಯಾವುದಾದರೂ ಹೊಸ ಹೋಟೆಲಿನ ದೋಸೆಯನ್ನು ಹೊಗಳಿದರೆ, ಸ್ವಲ್ಪ ದಿನಕ್ಕೇ ಅಲ್ಲಿ ಬಟ್ಟೆ ಅಂಗಡಿ ಬಂದಿರುತ್ತಿತ್ತು. ಸಮುದ್ರ ದಾಟಿ ಅಮೆರಿಕದ ಸನ್ನಿವೇಲ್‌ಗೆ ಬಂದ ಮೇಲಾದರೂ ಈ ಗ್ರಹಚಾರ ಬಿಟ್ಟೀತು ಅಂದುಕೊಂಡಿದ್ದೆ. ಅದಕ್ಕೂ ವೀಸಾ ಸಿಕ್ಕಿತ್ತೆಂದು ಆಮೇಲೆ ಗೊತ್ತಾಯಿತು.

ಎಂಬತ್ತರ ದಶಕದ ಮಾತು. ಯೂರೋಪಿನ ಹಳೆಯ ಕಾರು ಕಂಪನಿಯೊಂದು, ಹೆಸರು ಬೇಡ, ನೊಂದವರು, ನಮ್ಮ ತಾತಂದಿರ ಕಾಲದಲ್ಲಿ ರೇಸುಗಳನ್ನೆಲ್ಲ ಗೆದ್ದು ಮೆರೆದಿತ್ತು. ಆಮೇಲೆ ಎಷ್ಟೋ ವರ್ಷ ಸುಮ್ಮನಿದ್ದು, ಮತ್ತೆ ಫಾರ್ಮುಲಾ ಒನ್‌ಗೆ ಇಳಿಯಿತು. ಮುದಿ ಪೈಲ್ವಾನ ಪದಕಗಳನ್ನೆಲ್ಲ ಒರೆಸಿಟ್ಟು ಮತ್ತೆ ಅಖಾಡಕ್ಕೆ ಇಳಿದ ಹಾಗೆ. ಒಂದು ಭಾನುವಾರ ಇಂಜಿನ್ನಿನಿಂದ ಹೊಗೆ, ಇನ್ನೊಂದು ಭಾನುವಾರ ಗೇರಿನ ರಗಳೆ, ಮತ್ತೊಂದು ಭಾನುವಾರ ಮೊದಲ ತಿರುವಿನಲ್ಲೇ ರಸ್ತೆ ಬಿಟ್ಟು ಹುಲ್ಲಿಗೆ. ನಾನು ಟಿವಿಯ ಮುಂದೆ ಕಾಫಿ ಹಿಡಿದು ಕೂತಿರುತ್ತಿದ್ದೆ. ಎಷ್ಟೋ ಸಲ ಕಾಫಿ ಮುಗಿಯುವ ಮೊದಲೇ ನಮ್ಮ ರೇಸು ಮುಗಿದಿರುತ್ತಿತ್ತು.

ನಮ್ಮ ರೇಸು ಎಂದದ್ದಕ್ಕೆ ಕಾರಣವಿದೆ. ಅದೇ ಕಂಪನಿಯ ಹಳೇ ಕೆಂಪು ಕಾರೊಂದನ್ನು ನಾನು ಲಾಸ್ ಆಲ್ಟೋಸ್‌ನ ಡಾಕ್ಟರೊಬ್ಬರಿಂದ ಕೊಂಡಿದ್ದೆ. ಕೀಲಿಕೈ ಕೊಡುವಾಗ ಅವರ ಮುಖದಲ್ಲಿ ಕಂಡ ನೆಮ್ಮದಿಯನ್ನು ಸೌಜನ್ಯವೆಂದು ತಿಳಿದೆ. ಮನೆಗೆ ಅದೊಂದೇ ಕಾರು. ಹೆಂಡತಿ ವಿಮಲ ಮಿಲ್ಪಿಟಾಸ್‌ನ ಎಲೆಕ್ಟ್ರಾನಿಕ್ಸ್ ಕಂಪನಿಗೆ ಅದರಲ್ಲೇ ಹೋಗಬೇಕು, ನಾನೂ ಅದರಲ್ಲೇ ಆಫೀಸು ಸೇರಬೇಕು. ಅದು ಮಾತ್ರ ತನಗೆ ಇಷ್ಟ ಬಂದಲ್ಲಿ ನಿಲ್ಲುತ್ತಿತ್ತು. ಮತ್ತೊಮ್ಮೆ ಫ್ರೀವೇ ಪಕ್ಕದಲ್ಲಿ ಬಿಸಿಲಿಗೆ ನಿಂತು ಬಂದ ಸಂಜೆ ವಿಮಲ ಇದನ್ನು ಮಾರಿಬಿಡಿ ಎಂದಳು. ರೇಸಿನ ವಂಶದ ಕಾರು ಕಣೇ, ಅದರ ರಕ್ತವೇ ಬೇರೆ ಎಂದು ನಾನು ಭಾಷಣ ಬಿಗಿದೆ. ಅವಳು ಸಮಾಧಾನದಿಂದ ಕೇಳಿಸಿಕೊಂಡು ಹೇಳಿದಳು:

"ಸರಿ ರೀ. ಆ ವಂಶದೋರು ಈ ಸೀಸನ್ನಲ್ಲಿ ಒಂದೇ ಒಂದ್ಸಲ ಮೊದಲ ಆರರೊಳಗೆ ಬರ್ಲಿ, ಈ ಕಾರು ಇಟ್ಕೊಳ್ಳೋಣ. ಬರ್ಲಿಲ್ಲ ಅಂದ್ರೆ ಜಪಾನಿನ ಕಾರು."

ಒಪ್ಪಿದೆ. ಒಪ್ಪದೆ ಏನು ಮಾಡಲಿ? ಅಂದಿನಿಂದ ನನ್ನ ಭಾನುವಾರಗಳು ಹಾಳಾದವು. ಅಲ್ಲಿ ಒಂದು ಚಕ್ರ ಕಳಚಿದರೆ ಇಲ್ಲಿ ನನ್ನ ಎದೆ ಕಳಚುತ್ತಿತ್ತು. ಆ ಕಾರು ಓಡಿಸಿದಷ್ಟು ದಿನ ನಾನು ಬರೀ ಇಂಜಿನಿಯರಲ್ಲ, ಏನೋ ಒಂದು ಆಗಿದ್ದೆ ಅನ್ನಿಸುತ್ತಿತ್ತು. ಅದೂ ಹೋದರೆ ಉಳಿಯುವುದು ಬಾಡಿಗೆ ಅಪಾರ್ಟ್‌ಮೆಂಟು ಮತ್ತು ಬೋಳು ತಲೆ. ಒಂದೊಂದೇ ರೇಸು ಕಳೆಯಿತು, ಆರರೊಳಗಿನ ಮಾತಿರಲಿ, ಕೊನೆಯವರೆಗೆ ಓಡಿದ್ದೇ ಅಪರೂಪ.

ಅಷ್ಟರಲ್ಲಿ ಹಾಸನದಿಂದ ಅತ್ತೆ ಬಂದರು. ಆಯುಧಪೂಜೆಯ ದಿನ ಕಾರಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ಅದರ ಮೇಲೆ ಹಾಯಬೇಕಾದ ಕಾರು ಸ್ಟಾರ್ಟೇ ಆಗಲಿಲ್ಲ. ಕೊನೆಗೆ ನಾನೂ ಪಕ್ಕದ ಮನೆಯ ಅಮೆರಿಕನ್ನನೂ ಸೇರಿ ಕಾರನ್ನು ನಿಂಬೆಹಣ್ಣಿನ ಮೇಲೆ ತಳ್ಳಿದೆವು. ಯಾಕೆ ಎಂದು ಅವನು ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಅತ್ತೆ ಒಂದೆರಡು ಭಾನುವಾರ ನನ್ನ ಜೊತೆ ರೇಸನ್ನೂ ನೋಡಿದರು. ಆಮೇಲೆ ಮಗಳ ಹತ್ತಿರ, ನನಗೆ ಕೇಳಿಸುವಷ್ಟು ಮೆಲ್ಲಗೆ, ತಮ್ಮ ತೀರ್ಮಾನ ತಿಳಿಸಿದರು. ಅಳಿಯಂದಿರು ಕೂತು ನೋಡಿದರೆ ಮಾತ್ರ ಆ ರೇಸಿನ ಕಾರು ಕೆಡುತ್ತದೆ, ಅವರು ಬಚ್ಚಲಿಗೆ ಹೋದಾಗ ಚೆನ್ನಾಗೇ ಓಡುತ್ತದೆ. ಕಾಲ್ಗುಣ ನೋಡುವುದು ಮನೆಗೆ ಬಂದ ಸೊಸೆಯದು. ಅಳಿಯನ ಕಾಲ್ಗುಣ ಪರೀಕ್ಷಿಸಿದ ಮೊದಲ ಅತ್ತೆ ಇವರೇ ಇರಬೇಕು.

ಸೀಸನ್ನಿನ ಕೊನೆಯ ರೇಸಿನ ದಿನ ನಾನು ಮನೆಯ ಹೊರಗೆ, ಪಾರ್ಕಿಂಗಿನಲ್ಲಿ, ಸ್ವೆಟರ್ ಹಾಕಿ ನಿಂತಿದ್ದೆ. ಯೂರೋಪಿನ ಮಧ್ಯಾಹ್ನ ನಮಗೆ ಬೆಳಗಿನ ಜಾವ. ಕಂಪ್ಯೂಟರ್ ಚಿಪ್ಪು ಡಿಸೈನು ಮಾಡಿ ಸಂಬಳ ತರುವ ಮನುಷ್ಯ ನಾನು, ಅತ್ತೆಯ ಮಾತಿಗೆ ಹೀಗೆ ಹೊರಗೆ ನಿಂತೆನೆಂದರೆ ನನ್ನ ಹತಾಶೆ ಎಷ್ಟಿದ್ದಿರಬೇಕು ನೀವೇ ಯೋಚಿಸಿ. ವಿಮಲ ಆಗಾಗ ಅಡಿಗೆಮನೆಯ ಕಿಟಕಿಯಿಂದ ವರದಿ ಕೊಡುತ್ತಿದ್ದಳು. ಏಳನೆಯದು. ಆರನೆಯದು. ಆಮೇಲೆ, ಸೌಟು ಹಿಡಿದೇ ಕಿಟಕಿಯಿಂದ ಹೊರಗೆ ಬಾಗಿ, ಐದನೆಯದು. ಇನ್ನು ಎರಡೇ ಸುತ್ತು. ಕೆಂಪು ಕಾರಿನ ಬಾನೆಟ್ ಸವರಿದೆ. ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಸೋಲನ್ನೇ ನೋಡಿದವನು ಗೆಲುವನ್ನು ಒಂದು ಕ್ಷಣ ಕಣ್ಣಾರೆ ಕಂಡರೆ ತಪ್ಪೇನು? ಬೆಕ್ಕಿನ ಹೆಜ್ಜೆ ಇಟ್ಟು, ಬಾಗಿಲು ಸರಿಸಿ, ತಲೆಯಷ್ಟೇ ಒಳಗೆ ಹಾಕಿದೆ.

ಟಿವಿಯಲ್ಲಿ ಕಾರು ನಿಧಾನವಾಯಿತು, ಪಕ್ಕಕ್ಕೆ ಸರಿಯಿತು, ನಿಂತಿತು. ಪೆಟ್ರೋಲ್ ಖಾಲಿ. ಅತ್ತೆ ಮೊದಲು ನನ್ನ ತಲೆಯನ್ನು ನೋಡಿದರು, ಆಮೇಲೆ ಟಿವಿಯನ್ನು.

"ಅಲ್ವೇ ವಿಮಲ, ಅಷ್ಟು ದೂರ ಹೋಗೋರು ಹೊರಡೋವಾಗ್ಲೇ ಪೆಟ್ರೋಲ್ ನೋಡ್ಕೋಬಾರ್ದಾ?"

ಒಂದು ರೇಸಿಗೆ ಇಂತಿಷ್ಟೇ ಪೆಟ್ರೋಲ್ ಎಂದು ನಿಯಮವಿದೆ, ನಡುವೆ ಹಾಕಿಸುವಂತಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹಾಗೇ ಮುಚ್ಚಿ, ಹೋಗಿ ಟಿವಿ ಆರಿಸಿದೆ.

ಕಾರು ಮಾರಿದೆವು. ಕೊಳ್ಳಲು ಬಂದ ಸ್ಕೂಲ್ ಮೇಷ್ಟರು ಕೀಲಿ ತಿರುಗಿಸಿದ್ದೇ ತಡ, ನನಗೆ ಒಂದು ದಿನವೂ ಕೇಳಿಸದ ಮಧುರ ಸ್ವರದಲ್ಲಿ ಅದು ಸ್ಟಾರ್ಟಾಯಿತು. ಕೆಲವು ತಿಂಗಳ ಮೇಲೆ ಒಂದು ಸಂಜೆ, ಜಪಾನಿನ ಹೊಸ ಕಾರಿನಲ್ಲಿ ವಿಮಲ, ಅತ್ತೆ, ನಾನು ಫ್ರೀವೇಯಲ್ಲಿ ಬರುತ್ತಿದ್ದೆವು. ಆ ಕೆಂಪು ಕಾರು ನಮ್ಮನ್ನು ಹಿಂದೆ ಹಾಕಿ ಹಾರಿಹೋಯಿತು. ಮೇಷ್ಟರು ಒಂದು ಕೈಯಲ್ಲಿ ಓಡಿಸುತ್ತಿದ್ದರು.

ಅದು ಕಣ್ಮರೆಯಾಗುವವರೆಗೂ ನೋಡಿ ವಿಮಲ, "ಕಾರು ಚೆನ್ನಾಗೇ ಇತ್ತಲ್ವಾ ರೀ," ಎಂದಳು. ಆಗಲೇ ಹೊಸ ಕಾರಿನಲ್ಲಿ ಏನೋ ಕಟಕಟ ಶಬ್ದ ಶುರುವಾಯಿತು. ಹಿಂದಿನ ಸೀಟಿನಲ್ಲಿ ಅತ್ತೆ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ಬಿಡುವ ಮೊದಲೇ ನಾನು ಮುಂದಿನ ಎಕ್ಸಿಟ್ಟಿನಲ್ಲಿ ಕಾರನ್ನು ಫ್ರೀವೇಯಿಂದ ಇಳಿಸಿ, ನಿಲ್ಲಿಸಿ, ಸ್ಟಿಯರಿಂಗನ್ನು ವಿಮಲಳಿಗೆ ಒಪ್ಪಿಸಿ, ಪಕ್ಕದ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತೆ. ಮನೆಯವರೆಗೆ ಕಾರು ಸದ್ದಿಲ್ಲದೆ ಓಡಿತು.