ಎರಡೂವರೆ ತೊಲೆಯ ಐದು ಗುಂಡು

ರುಕ್ಮಿಣಿಬಾಯಿಯ ಬೋರಮಾಳ ಸರ ಒಂದು ಗುಲಗಂಜಿ ಕಡಿಮೆ ತೂಗಿತು. ತೂಗಿದ್ದು ಹುಮನಾಬಾದಿನ ಯಾವುದೋ ತಕ್ಕಡಿ. ಹೆಸರು ಕೆಟ್ಟಿದ್ದು ಸರ ಮಾಡಿಕೊಟ್ಟ ಅಕ್ಕಸಾಲಿ, ಕಲ್ಯಾಣದ ನಾಗನಾಥ ಪತ್ತಾರನದು. ಬಸವಕಲ್ಯಾಣವನ್ನು ಜನ ಬರೀ ಕಲ್ಯಾಣ ಎನ್ನುತ್ತಿದ್ದ ನಿಜಾಮರ ಕಾಲ ಅದು. ಸುದ್ದಿ ಬೆಳಿಗ್ಗೆ ಕೋಟೆ ಓಣಿಯಿಂದ ಹೊರಟು ಊರು ಸುತ್ತಿ ಸಂಜೆಗೆ ಓಣಿಗೆ ಮರಳುವಷ್ಟರಲ್ಲಿ ಒಂದು ಗುಲಗಂಜಿ ಹೋಗಿ ಅರ್ಧ ತೊಲೆಯಾಗಿತ್ತು. ಪತ್ತಾರನ ತಕ್ಕಡಿ ಸುಳ್ಳು ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ತೀರ್ಪು ಕೊಟ್ಟರು. ಮೂರು ವಾರ ಅವನ ಕುಲುಮೆಯ ಮುಂದೆ ಯಾರೂ ಬಂಗಾರ ಹಿಡಿದು ಬಂದು ಕೂರಲಿಲ್ಲ.

ಅಂಥ ಹೊತ್ತಿನಲ್ಲಿ ಜಲಾಲುದ್ದೀನ್ ಸಾಹೇಬರು ಅವನನ್ನು ಕರೆಸಿದರು. ಸಾಹೇಬರು ಪಲ್ಟನ್ನಿನಿಂದ ಪಿಂಚಣಿ ಪಡೆದು ಬಂದ ಜಮಾದಾರರು. ಅವರ ಬಳಿ ನಳಿಗೆಯ ಬಾಯಿಂದ ಮದ್ದು ತುಂಬುವ, ಅಜ್ಜನ ಕಾಲದ ರೈಫಲ್ಲೊಂದಿತ್ತು. ಅಂಥದೇ ಇನ್ನೊಂದು ಅವರ ಗೆಳೆಯ, ಹುಮನಾಬಾದಿನ ಬಸವಣಪ್ಪ ಪಾಟೀಲರ ಬಳಿ ಇತ್ತು. ವರ್ಷಕ್ಕೊಮ್ಮೆ ಪಾಟೀಲರ ತೋಟದಲ್ಲಿ ಇಬ್ಬರೂ ಐದೈದು ಗುಂಡು ಹಾರಿಸಿ ಪಂಥ ಕಟ್ಟುವರು. ಹೋದ ವರ್ಷ ಸಾಹೇಬರು ಸೋತಿದ್ದರು.

“ತಪ್ಪು ನಂದಲ್ಲ, ಗುಂಡಿಂದು,” ಎಂದರು ಸಾಹೇಬರು. “ಒಂದು ಆನಿ ಇದ್ರ ಒಂದು ಇಲಿ. ಭಾರ ಇದ್ದದ್ದು ಕೆಳಗ ಇಳೀತದ, ಹಗುರ ಇದ್ದದ್ದು ಮ್ಯಾಲ ಹೋಗ್ತದ. ನೀ ಬಂಗಾರ ತೂಗಾವ. ಐದೂ ಒಂದೇ ತೂಕ ಮಾಡಿ ಕೊಡು. ನಾ ಗೆದ್ರ ಅಲ್ಲೇ ಮಂದಿ ಮುಂದ ಹೇಳ್ತೇನಿ, ಈ ಪತ್ತಾರನ ತಕ್ಕಡಿ ಖರೇ ಅದ ಅಂತ. ಜುಬಾನ್ ಕೊಟ್ಟೆ.”

ನಾಗನಾಥನಿಗೆ ಹೋದ ಜೀವ ಬಂದಂತಾಯಿತು. ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕೈ ಅವನದು. ಸೀಸ ಯಾವ ಲೆಕ್ಕ?

ಸಾಹೇಬರಿಂದ ಗುಂಡಿನ ಅಚ್ಚು, ಸೀಸ ಕೈಗೆ ಬಂದದ್ದು ಪಂಥದ ಹಿಂದಿನ ಸಂಜೆ. ಹುಮನಾಬಾದಿಗೆ ಹೋಗುವ ಮೋಟಾರು ಹತ್ತು ಗಂಟೆಗೆ. ನಾಗನಾಥ ಸೂರ್ಯ ಹುಟ್ಟುವ ಮೊದಲೇ ಸ್ನಾನ ಮುಗಿಸಿ, ಕಾಳಿಕಾದೇವಿಗೆ ಕೈಮುಗಿದು ಕುಲುಮೆ ಹೊತ್ತಿಸಿದ. ಮೊದಲ ನಾಲ್ಕು ಗುಂಡು ಅಜ್ಜಿಯ ಗಲ್ಲದಂತೆ ಸುಕ್ಕುಗಟ್ಟಿ ಬಂದವು. ಅಚ್ಚು ತಣ್ಣಗಿದೆ ಎಂದು ಗೊತ್ತಾಯಿತು. ಅದನ್ನು ಕೆಂಡದ ಮೇಲೆ ಹಿಡಿದು ಕಾಯಿಸಿದ. ಸೀಸಕ್ಕೆ ಚೂರು ಜೇನುಮೇಣ ಹಾಕಿ ಕದಡಿ, ಮೇಲೆ ಕಟ್ಟಿದ ಕಿಟ್ಟ ತೆಗೆದ. ಐದನೆಯ ಗುಂಡು ಹೊಸ ನಾಣ್ಯದಂತೆ ಹೊಳೆಯಿತು. ತೂಗಿದರೆ ಸರಿಯಾಗಿ ಎರಡೂವರೆ ತೊಲೆ.

ಅದನ್ನೇ ತಕ್ಕಡಿಯ ಒಂದು ತಟ್ಟೆಯಲ್ಲಿ ಗುರುವಿನಂತೆ ಕೂರಿಸಿದ. ಉಳಿದವನ್ನೆಲ್ಲ ಅದರ ಎದುರು ತೂಗುವುದು. ಮುಳ್ಳು ಅಲುಗಿದರೆ ಗುಂಡು ಮರಳಿ ಕುಲುಮೆಗೆ.

ಪಕ್ಕದ ಮನೆಯ ಕಲಾಯಿ ಮಹೆಬೂಬ ಹೊಗೆ ಕಂಡು ಬಂದ.

“ನಾಗಣ್ಣ, ಸೀಸ ಬರೇ ಸೀಸ ಇದ್ರ ಮೆತ್ತಗಾಗ್ತದ. ಚೂರು ತವರ ಬೀಳಬೇಕು.”

“ಬ್ಯಾಡೋ ಮಾರಾಯ.”

“ನೀ ಏನ್ ಕೊಡೂದು ಬ್ಯಾಡ, ನನ್ನ ಕಡೀಂದ ಇರಲಿ,” ಎನ್ನುತ್ತ ಮಹೆಬೂಬ ತವರದ ತುಂಡನ್ನು ಕರಗಿದ ಸೀಸಕ್ಕೆ ಎಸೆದೇಬಿಟ್ಟ, ಬೇರೆಯವರ ಮನೆಯ ಸಾರಿಗೆ ಉಪ್ಪು ಹಾಕುವವನ ಹಾಗೆ.

ಮುಂದೆ ಬಂದ ಗುಂಡುಗಳು ನೋಡಲು ಚೆಲುವಾಗಿದ್ದವು, ತೂಗಲು ನಾಲ್ಕು ಗುಲಗಂಜಿ ಹಗುರ. ನಾಗನಾಥ ಆ ಸೀಸವನ್ನೆಲ್ಲ ಸುರಿದು, ಉಳಿದ ಸೀಸ ಕರಗಿಸಿ ಮತ್ತೆ ಮೊದಲಿನಿಂದ ಆರಂಭಿಸಿದ. ಮಹೆಬೂಬ ಮುಖ ಊದಿಸಿಕೊಂಡು ಅಲ್ಲೇ ಕೂತ.

ಅಷ್ಟರಲ್ಲಿ ರುಕ್ಮಿಣಿಬಾಯಿ ಬಾಗಿಲಲ್ಲಿ ನಿಂತಿದ್ದಳು.

“ಅದೇ ತಕ್ಕಡಿ ಏನು, ನನ್ನ ಸರ ತೂಗಿದ್ದು?”

“ಅದೇ ರೀ ಬಾಯಿ. ಬರ್ರಿ, ಕಣ್ಣಾರೆ ನೋಡ್ರಿ.”

“ಗುಂಡಿನ ಎದುರು ಗುಂಡಿಟ್ಟು ತೂಗಾಕತ್ತೀ. ಕಳ್ಳನ ಸಾಕ್ಷಿಗೆ ಅವನ ತಮ್ಮನ್ನ ನಿಲ್ಸಿದಂಗಾತು. ನಾನೂ ಹುಮನಾಬಾದಿಗೆ ಮಗಳ ಮನಿಗೆ ಹೊಂಟೀನಿ. ಅಲ್ಲೇ ತಿಳೀತದ ತಗೋ.”

ನಾಗನಾಥ ನಕ್ಕ. ಒಂದು ಗುಂಡು ಎರಡು ಗುಲಗಂಜಿ ಹಗುರ ಬಂದಾಗ ಉಳಿಯಿಂದ ಸೀಳಿ ಅವಳಿಗೆ ತೋರಿಸಿದ: ಒಳಗೆ ಸಾಸಿವೆಯಷ್ಟು ಟೊಳ್ಳು. ಮೂವತ್ತೆಂಟು ಗುಂಡು ಎರಕ ಹೊಯ್ದು, ಅವುಗಳಲ್ಲಿ ಐದನ್ನು ಆರಿಸುವಾಗ ಒಂಬತ್ತೂವರೆ. ಯಾವುದರ ಎದುರು ಯಾವುದನ್ನಿಟ್ಟರೂ ಮುಳ್ಳು ಧ್ಯಾನಕ್ಕೆ ಕೂತ ಸ್ವಾಮಿಯಂತೆ ಅಲುಗಲಿಲ್ಲ.

ತಕ್ಕಡಿಯನ್ನೂ ಗುಂಡಿನ ಡಬ್ಬಿಯನ್ನೂ ಹಸುಗೂಸಿನಂತೆ ಮಡಿಲಲ್ಲಿಟ್ಟುಕೊಂಡು ಸಾಹೇಬರ ಪಕ್ಕದಲ್ಲಿ ಮೋಟಾರು ಹತ್ತಿದ. ರಾಜೇಶ್ವರ ದಾಟುವವರೆಗೂ ಎದುರು ಕೂತ ರುಕ್ಮಿಣಿಬಾಯಿ ಹತ್ತಿದವರಿಗೆಲ್ಲ ತನ್ನ ಸರದ ಕತೆ ಹೇಳಿದಳು. ನಾಗನಾಥ ಮಡಿಲ ಡಬ್ಬಿಯನ್ನು ಸರಿಪಡಿಸಿಕೊಂಡ. ಇನ್ನೆರಡು ತಾಸಿನ ಮಾತು, ಆಮೇಲೆ ಇವಳ ಬಾಯಿ ತಾನಾಗಿಯೇ ಮುಚ್ಚುತ್ತದೆ ಎಂದುಕೊಂಡ.

ಪಾಟೀಲರ ತೋಟದಲ್ಲಿ ಅರ್ಧ ಊರು ಸೇರಿತ್ತು. ಎಂಬತ್ತು ಹೆಜ್ಜೆ ದೂರದಲ್ಲಿ ದಪ್ಪ ಬೇವಿನ ಮರದ ಬೊಡ್ಡೆಗೆ ಹಲಗೆ ಕಟ್ಟಿ, ನಡುವೆ ಕಪ್ಪು ಬೊಟ್ಟು ಬರೆದಿದ್ದರು.

ಮೊದಲು ಪಾಟೀಲರ ಸರದಿ. ಅವರ ಗುಂಡು ಎರಕ ಹೊಯ್ದವನು ಅವರದೇ ಕಮ್ಮಾರ. ಅವನಿಗೆ ತೂಕ ಎಂದರೆ ಕೈಯಂದಾಜು. ಮೊದಲನೆಯ ಗುಂಡು ಹಲಗೆಯ ಮೂಲೆ ಒಡೆಯಿತು. ಎರಡನೆಯದು ಕೊಂಬೆ ಕಡಿಯಿತು. ಮೂರನೆಯದು ಹಿಂದಿನ ಬಣವೆ ಸೇರಿತು. ನಾಲ್ಕನೆಯದು ಎಲ್ಲಿ ಹೋಯಿತೆಂಬುದು ದೇವರಿಗೇ ಗೊತ್ತು. ಐದನೆಯದು ಮಾತ್ರ, ದಾರಿ ತಪ್ಪಿದ ಹೋರಿ ತಾನಾಗಿ ಕೊಟ್ಟಿಗೆಗೆ ಬಂದಂತೆ, ಬೊಟ್ಟಿನ ನಡುವೆಯೇ ನುಗ್ಗಿತು. ಜನ ಚಪ್ಪಾಳೆ ತಟ್ಟಿದರು.

ಸಾಹೇಬರು ಮದ್ದು ಅಳೆದು ತುಂಬಿ, ಗಜದ ಕೋಲಿನಿಂದ ಗುಂಡನ್ನು ನಳಿಗೆಗೆ ತಳ್ಳಿ ಇಳಿಸಿ, ಮೀಸೆ ಸವರಿ ಹೊಡೆದರು. ಹಲಗೆಯ ಎಡಕ್ಕೆ ಬೇವಿನ ತೊಗಟೆ ಹಾರಿತು. ಎರಡನೆಯದಕ್ಕೆ ಏನೂ ಹಾರಲಿಲ್ಲ. ಮೂರು, ನಾಲ್ಕು, ಐದಕ್ಕೂ ಏನೂ ಇಲ್ಲ.

ಪಾಟೀಲರ ಆಳು ಶಿವರಾಜ ಓಡಿಹೋಗಿ ನೋಡಿ ಬಂದ. “ಒಂದೇ ತೂತು ಅದ್ರಿ. ಹಲಗಿಗೆ ಅಲ್ಲ, ಗಿಡಕ್ಕ. ಹಲಗಿ ಎಡಕ್ಕ ಒಂದು ಗೇಣು.”

“ಉಳಿದ ನಾಕು?” ಎಂದರು ಪಾಟೀಲರು.

“ಅವು ಬಂದು ಮುಟ್ಟೇ ಇಲ್ರಿ.”

ನಾಗನಾಥ ಮುಂದೆ ನುಗ್ಗಿದ. “ಮುಟ್ಯಾವ್ರಿ ಪಾಟೀಲ್ರ. ಐದೂ ಒಂದೇ ತೂಕ, ಅದಕ್ಕ ಐದೂ ಒಂದೇ ತೂತಿನ್ಯಾಗ ಹೋಗ್ಯಾವ. ಗಿಡ ಕೆತ್ತಿ ನೋಡ್ರಿ.”

ಶಿವರಾಜ ಉಳಿ ಸುತ್ತಿಗೆ ತಂದು ಕೆತ್ತಿದ. ಒಳಗಿನಿಂದ ಒಂದು ಸೀಸದ ಉಂಡೆ ಬಂತು. ಒಂದರ ಬೆನ್ನಿಗೊಂದು ಬಡಿದು ಐದೂ ಬೆಸೆದು ಒಂದೇ ಆಗಿದ್ದವು. ನಾಗನಾಥ ಅಲ್ಲೇ ತಕ್ಕಡಿ ಎತ್ತಿದ.

“ಹನ್ನೆರಡೂವರಿ ತೊಲಿ,” ಎಂದ. “ಲೆಕ್ಕಾ ಹಾಕ್ರಿ. ಎರಡೂವರಿ ಐದ್ಲೆ ಹನ್ನೆರಡೂವರಿ.”

ಜನ ಲೆಕ್ಕ ಹಾಕತೊಡಗಿದರು. ಅವರಿಗಿಂತ ಮೊದಲು ರುಕ್ಮಿಣಿಬಾಯಿಯ ಲೆಕ್ಕ ಮುಗಿದಿತ್ತು.

“ನೋಡ್ರೆವ್ವಾ, ಒಂದ ಗುಂಡಿಗೆ ಹನ್ನೆರಡೂವರಿ ತೊಲಿ ಸುರುವ್ಯಾನ. ಉಳಿದ ನಾಕಕ್ಕ ಏನ್ ಉಳೀಬೇಕು? ಬರೇ ಗಾಳಿ. ಅವು ಹಾರಿ ಹ್ವಾದ್ವು.”

ತೋಟವೆಲ್ಲ ನಕ್ಕಿತು. ಅಷ್ಟು ದೊಡ್ಡ ಗುಂಡು ನಳಿಗೆಯಲ್ಲಿ ಹಿಡಿಯುವುದು ಹೇಗೆ ಎಂದು ನಾಗನಾಥ ಕೂಗಿ ಕೇಳಿದ. ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಭುಜ ಒತ್ತಿಕೊಂಡು, “ಹೌದು, ಒಂದು ಗುಂಡು ಭಾಳ ಭಾರ ಒದೀತು,” ಎಂದರು.

ಪಂಥ ಪಾಟೀಲರದಾಯಿತು.

ಸಂಜೆಯ ಮೋಟಾರಿನಲ್ಲಿ ಇಬ್ಬರೇ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ರಾಜೇಶ್ವರ ದಾಟಿದ ಮೇಲೆ ಸಾಹೇಬರು ಮೆಲ್ಲಗೆ ಬಾಯಿ ಬಿಟ್ಟರು.

“ಐದೂ ಒಂದೇ ತೂತಿನ್ಯಾಗ ಹೋಗ್ಯಾವ. ನಂಗ ಗೊತ್ತದ. ಮೂವತ್ತು ವರ್ಷದ ನೌಕರಿನ್ಯಾಗ ಇಂಥಾ ಗುಂಡು ನೋಡಿಲ್ಲ ಪತ್ತಾರ.”

“ಮತ್ತ ಅಲ್ಲೇ ಹೇಳಬೇಕಿತ್ತಲ್ರಿ ಸಾಹೇಬ್ರ.”

“ಗುಂಡು ಖರೇ ಅಂದ್ರ ಸುಳ್ಳು ಯಾವುದು? ನನ್ನ ಕಣ್ಣು. ಹತ್ತು ವರ್ಷ ಆತು, ಎಡಕ್ಕ ಎಳಿಯಾಕತ್ತದ. ಕೆಟ್ಟ ಗುಂಡು ಇದ್ದಾಗ ಐದರಾಗ ಒಂದೆರಡು ದಾರಿ ತಪ್ಪಿ ನಿಶಾನಿಗೆ ಬೀಳ್ತಿದ್ವು. ನೀ ಒಂದಕ್ಕೂ ತಪ್ಪಾಕ ಬಿಡಲಿಲ್ಲ.”

ನಾಗನಾಥ ಮಡಿಲ ತಕ್ಕಡಿಯನ್ನು ಮುಟ್ಟಿ ನೋಡಿದ. ಆಮೇಲೆ, “ಕಲ್ಯಾಣದಾಗರ ಹೇಳ್ರಿ. ನನ್ನ ಹೊಟ್ಟಿ ಮಾತು ಅದ,” ಎಂದ.

“ಹೇಳ್ದೆ ಬಿಡ್ತೇನೇನು? ನಾ ಸತ್ತ ದಿನ ನನ್ನ ಮಗ ಊರ ತುಂಬ ಡಂಗುರ ಹೊಡಸ್ತಾನ. ಪತ್ತಾರನ ತಕ್ಕಡಿ ಖರೇ ಅದ, ನಮ್ಮಪ್ಪನ ಕಣ್ಣು ಸುಳ್ಳಿತ್ತು ಅಂತ. ಅಲ್ಲೀತನಕ ತಡಕೋ.”

ಸಾಹೇಬರಿಗೆ ಎಪ್ಪತ್ತು ದಾಟಿತ್ತು. ಆದರೂ ದಿನಾ ಬೆಳಿಗ್ಗೆ ಕೋಟೆಯ ಸುತ್ತ ಮೂರು ಸುತ್ತು ನಡೆದು, ಒಂದು ಸೇರು ಹಾಲು ಕುಡಿಯುವ ಆಳು.

ಮರುದಿನ ಬೆಳಿಗ್ಗೆ ನಾಗನಾಥ ಕಾಳಿಕಾದೇವಿಯ ಮುಂದೆ ಕೈಮುಗಿದು ಕೂತ. ಹೊರಗೆ ಓಣಿಯಲ್ಲಿ ಸಾಹೇಬರು ಗಟ್ಟಿಯಾಗಿ ಯಾರಿಗೋ ಸಲಾಂ ಹೇಳುತ್ತ, ಬೂಟು ಬಡಿಯುತ್ತ ಹೋದರು. ಏನು ಬೇಡಿಕೊಂಡರೆ ಪಾಪ ಬರುವುದಿಲ್ಲ ಎಂದು ಅವನಿಗೆ ಎಷ್ಟು ಹೊತ್ತಾದರೂ ಹೊಳೆಯಲಿಲ್ಲ. ಕೊನೆಗೆ, “ತಾಯೀ, ಅವರನ್ನ ಆರಾಮ ಇಡು,” ಎಂದು ಹೇಳಿ ಎದ್ದ. ಅಷ್ಟು ಮೆಲ್ಲಗೆ ಹೇಳಿದ್ದು ದೇವಿಗೆ ಕೇಳಿಸಿರಲಿಕ್ಕಿಲ್ಲ ಎಂದು ಅವನಿಗೆ ಒಳಗೊಳಗೇ ಸ್ವಲ್ಪ ಧೈರ್ಯವಿತ್ತು.