ಎಡಗಡೆ ತೊಟ್ಟಿಯ ಸೀಗಡಿಗಳು

ಎಲ್ಲ ರಾದ್ಧಾಂತಕ್ಕೂ ಕಾರಣ ಸಂಶೋಧನಾ ಸಂಸ್ಥೆಯ ಮೀನು ವಿಭಾಗದ ಮೇಡಂ ಅವರ ಶುಚಿತ್ವದ ಹುಚ್ಚು. ಪರಿಶೀಲನಾ ಸಮಿತಿ ಬರುವ ದಿನ ಗಾಜಿನ ಮೇಲೆ ಪಾಚಿ ಕಾಣಬಾರದೆಂದು ಆಕೆ ಬೆಳಗ್ಗೆಯೇ ಪಕ್ಕದ ಪ್ರಯೋಗಾಲಯಕ್ಕೆ ನುಗ್ಗಿ, ಎರಡೂ ತೊಟ್ಟಿಗಳನ್ನು ಉಜ್ಜಿ ತೊಳೆದಿದ್ದರು. ಅದಕ್ಕೆ ಮುಂಚೆ ಒಳಗಿದ್ದ ಗುರಾಣಿ ಸೀಗಡಿಗಳನ್ನೆಲ್ಲ ಒಂದೇ ಬಕೆಟ್ಟಿಗೆ ಸುರಿದಿದ್ದರು.

ಆ ಪ್ರಯೋಗಾಲಯದ ಹಂಗಾಮಿ ಸಂಶೋಧಕನಿಗೆ ಕಚೇರಿಯಲ್ಲಿ ಇದ್ದ ಅಡ್ಡಹೆಸರೇ ಸೀಗಡಿ. ಬಕೆಟ್ ನೋಡಿದವನೇ ಕೂಗಿಕೊಂಡ.

"ಮೇಡಂ, ಅವು ಬೇರೆ ಬೇರೆ ಪ್ರಭೇದ!"

"ಎಲ್ಲಾ ಒಂದೇ ಥರ ಇದಾವಲ್ರೀ!"

"ಅದೇ ಮೇಡಂ ನನ್ನ ಸಂಶೋಧನೆ!"

ನಿಜಕ್ಕೂ ಅದೇ. ಬೆನ್ನ ಮೇಲೆ ಗುರಾಣಿ, ಹಣೆಯಲ್ಲಿ ಮೂರು ಕಣ್ಣು, ಹಿಂದೆ ಜೋಡಿ ಬಾಲ. ಕೋಟ್ಯಂತರ ವರ್ಷಗಳ ಹಿಂದಿನ ಪಳೆಯುಳಿಕೆಯಲ್ಲೂ ಇದೇ ರೂಪ. ಆದರೆ ಒಳಗಿನ ವಂಶವಾಹಿಗಳ ಕಟ್ಟು, ಅಂದರೆ ಜೀನೋಮ್, ಸುಮ್ಮನೆ ಕೂತಿಲ್ಲ, ಬದಲಾಗುತ್ತಲೇ ಬಂದಿದೆ. ನೋಡಲು ಅವಳಿಜವಳಿ, ಒಳಗೆ ದೂರದ ನೆಂಟರು. ಇದನ್ನು ಸಮಿತಿಗೆ ಒಪ್ಪಿಸಿದರೆ ನೌಕರಿ ಕಾಯಂ. ಇಲ್ಲದಿದ್ದರೆ ಊಟಕ್ಕೆ ಕೂತಾಗಲೆಲ್ಲ ಮಾವನವರು "ನಮ್ಮ ಹಂಗಾಮಿ ಅಳಿಯಂದಿರಿಗೆ ಬಡಿಸಮ್ಮ" ಎನ್ನುವುದು ತಪ್ಪುವುದಿಲ್ಲ.

ಸುದ್ದಿ ಹಬ್ಬಿ ಸಲಹೆಗಾರರು ನೆರೆದರು. ಲೆಕ್ಕಪತ್ರದವರು, "ಹೆಸರಿಟ್ಟಿದ್ರೆ ಕೂಗಿ ನೋಡಿ" ಎಂದರು. ಕಂಪ್ಯೂಟರ್ ವಿಭಾಗದವನು ಜೀನೋಮ್ ಪರೀಕ್ಷೆ ಮಾಡಿಸಬಹುದೆಂದೂ, ಫಲಿತಾಂಶ ಮುಂದಿನ ತಿಂಗಳು ಬರುವುದೆಂದೂ ಸಮಾಧಾನ ಹೇಳಿದ. ಅಷ್ಟರಲ್ಲಿ ಬಕೆಟ್ಟಿನೊಳಗೆ ಒಂದು ಸೀಗಡಿ ಇನ್ನೊಂದರ ಬಾಲ ತಿನ್ನತೊಡಗಿತು.

"ಅರ್ಧ ಅರ್ಧ ಹಾಕಿಬಿಡಿ," ಎಂದರು ಮೇಡಂ. "ನೋಡಿದ್ರೆ ಯಾರಿಗೂ ಗೊತ್ತಾಗಲ್ಲ ಅಂತ ವರದೀಲಿ ನೀವೇ ಬರ್ದಿದೀರಲ್ಲ!"

ತನ್ನದೇ ವಿಜ್ಞಾನ ಹೀಗೆ ಮೋಸಕ್ಕೆ ಸಾಕ್ಷಿ ಹೇಳುತ್ತದೆಂದು ಸೀಗಡಿ ಎಣಿಸಿರಲಿಲ್ಲ. ಹೊರಗೆ ಕಾರುಗಳು ನಿಂತ ಸದ್ದಾಯಿತು. ಕಣ್ಣು ಮುಚ್ಚಿ ಅರ್ಧ ಆಚೆ, ಅರ್ಧ ಈಚೆ ಸುರಿದ.

ಸಮಿತಿಯ ಅಧ್ಯಕ್ಷರು ಜೀವಮಾನವಿಡೀ ಸೇತುವೆ ಕಟ್ಟಿಸಿ ನಿವೃತ್ತರಾದವರು. ಕನ್ನಡಕ ಹಣೆಗೇರಿಸಿ ಎಡಗಡೆ ತೊಟ್ಟಿಗೆ ಬಾಗಿದರು. ಬಲಗಡೆಗೂ ಬಾಗಿದರು.

"ಭೇಷ್! ಎಂಥ ವ್ಯತ್ಯಾಸ ರೀ!" ಎಂದರು ಅಧ್ಯಕ್ಷರು. "ಎಡಗಡೆಯವು ಗಂಭೀರ. ಬಲಗಡೆಯವು ಸ್ವಲ್ಪ ಚೆಲ್ಲು."

ಸದಸ್ಯರೆಲ್ಲ ಬಾಗಿ ನೋಡಿ ತಲೆಯಾಡಿಸಿದರು. ಈ ತೊಟ್ಟಿಗಳತ್ತ ಎಂದೂ ಕಣ್ಣು ಹಾಯಿಸದ ನಿರ್ದೇಶಕರು, "ನಾನು ಮೊದಲಿಂದ್ಲೂ ಗಮನಿಸಿದ್ದೆ ಸಾರ್" ಎಂದರು.

ಸೀಗಡಿ ಹಿಗ್ಗುವಷ್ಟರಲ್ಲಿ ಅಧ್ಯಕ್ಷರ ಹುಬ್ಬು ಗಂಟಿಕ್ಕಿತು. "ಆದ್ರೆ ನೀವು ಹೊರಗೆ ವ್ಯತ್ಯಾಸಾನೇ ಇಲ್ಲ ಅಂತ ಬರ್ದಿದೀರಿ. ಇಷ್ಟು ವರ್ಷ ಏನ್ ನೋಡ್ತಿದ್ರಿ? ಆ ಪ್ರಾಣಿಗೆ ಮೂರು ಕಣ್ಣಂತೆ. ನಿಮಗೆ ಎರಡಾದ್ರೂ ಇದಾವೋ?"

ಬೆರೆತುಹೋಗಿವೆ ಎಂದರೆ ಮೋಸಗಾರ, ಸುಮ್ಮನಿದ್ದರೆ ಕುರುಡ. ಸೀಗಡಿ ಅಧ್ಯಕ್ಷರ ಮಾತನ್ನೇ ಪುಸ್ತಕದಲ್ಲಿ ಬರೆದುಕೊಂಡ.

ಸಂಜೆ ಆದೇಶ ಬಂತು. ಇನ್ನೂ ಒಂದು ವರ್ಷ ಹಂಗಾಮಿ. ಕೆಲಸ: ಅಧ್ಯಕ್ಷರು ಕಂಡುಹಿಡಿದ ವ್ಯತ್ಯಾಸವನ್ನು ಅಳೆದು ದಾಖಲಿಸುವುದು.

ಹೆಂಡತಿ ಫೋನ್ ಮಾಡಿದಳು. "ಏನಾಯ್ತು ರೀ? ಅಪ್ಪ ಪಕ್ಕದಲ್ಲೇ ಇದಾರೆ."

"ಅವರು ಕರೆಯೋ ಹೆಸರು ಬದಲಾಯಿಸ್ಬೇಕಾಗಿಲ್ಲ ಅಂತ ಹೇಳು."

ಫೋನಿಟ್ಟು, ಭೂತಗನ್ನಡಿ ಹಿಡಿದು ತೊಟ್ಟಿಯ ಮುಂದೆ ಕೂತ. ಮೇಡಂ ಬಂದು ಹೆಮ್ಮೆಯಿಂದ ನಿಂತರು.

"ನೋಡಿದ್ರಾ? ನಾನು ತೊಳೆದಿದ್ದಕ್ಕೇ ಅವರಿಗೆ ಅಷ್ಟು ಚೆನ್ನಾಗಿ ಕಂಡಿದ್ದು."

ಅವನಿಗೆ ಮೈಯೆಲ್ಲ ಉರಿಯಿತು. ಚೆನ್ನಾಗಿ ಬೈಯಬೇಕೆಂದು ತಿರುಗಿದವನು, ಯಾಕೋ ಮತ್ತೆ ಎಡಗಡೆ ತೊಟ್ಟಿಗೆ ಬಾಗಿದ. ಬಹಳ ಹೊತ್ತು ನೋಡಿದ.

"ಮೇಡಂ, ಸ್ವಲ್ಪ ಬನ್ನಿ ಇಲ್ಲಿ," ಎಂದ ಮೆಲ್ಲಗೆ. "ಇವು... ಸ್ವಲ್ಪ ಗಂಭೀರವಾಗೇ ಇಲ್ವಾ?"