ಬಾನೆಟ್ ಎತ್ತಿದ ಭಾನುವಾರ

ಒಬ್ಬೊಬ್ಬರಿಗೆ ಒಂದೊಂದು ಶಬ್ದದ ಭಯ. ನನ್ನ ಅಕ್ಕನಿಗೆ ಹಲ್ಲಿ ಲೊಚಗುಟ್ಟಿದರೆ ಎದೆ ಹಾರುತ್ತದೆ. ಎದುರುಮನೆಯ ಶಾರದಮ್ಮನವರಿಗೆ ಕುಕ್ಕರಿನ ಸೀಟಿ ಆಗದು. ಬೇಳೆ ಒಲೆಯ ಮೇಲಿಟ್ಟು ಅಂಗಳಕ್ಕೆ ಬಂದು ನಿಂತುಬಿಡುತ್ತಾರೆ. ನನ್ನದು ಇವೆರಡಕ್ಕಿಂತ ಸಣ್ಣ ಶಬ್ದ. ಭಾನುವಾರ ಬೆಳಿಗ್ಗೆ, ನಾನು ಮಂಡಕ್ಕಿ ನೆನೆಸಿ ಹಿಂಡಿ, ಒಗ್ಗರಣೆಗೆ ಸಾಸಿವೆ ಹಾಕುವ ಹೊತ್ತಿಗೆ ಸರಿಯಾಗಿ ಹೊರಗಿನಿಂದ 'ಟಕ್' ಎಂದು ಕೇಳಿಸುತ್ತದೆ. ನಮ್ಮ ಕಾರಿನ ಬಾನೆಟ್ ತೆರೆದ ಶಬ್ದ ಅದು. ಕೇಳಿದೊಡನೆ ನಾನು ಮಾಡುವ ಮೊದಲ ಕೆಲಸ, ಹಗ್ಗದ ಮೇಲಿನ ಒಳ್ಳೆಯ ಟವೆಲ್ಲುಗಳನ್ನು ಒಳಗೆ ತರುವುದು. ಎರಡನೆಯದು, ದೇವರನ್ನು ನೆನೆಯುವುದು. ಕಾನ್ವೆಂಟಿನಲ್ಲಿ ಓದಿದವಳಾದ್ದರಿಂದ ನನ್ನ ಪಟ್ಟಿ ಸ್ವಲ್ಪ ಉದ್ದ. ದುರ್ಗಮ್ಮನಿಂದ ಹೊರಟು ಮೇರಿ ಮಾತೆಯನ್ನು ಮುಟ್ಟುವಷ್ಟರಲ್ಲಿ ಸಾಸಿವೆ ಸೀದಿರುತ್ತದೆ.

ನಮ್ಮ ಮನೆಯವರು ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾರೆ. ಘರ್ಷಣೆ, ವೇಗ, ವೇಗೋತ್ಕರ್ಷ ಎಂದು ಬೋರ್ಡಿನ ಮೇಲೆ ಬರೆದು ಬರೆದು ಸವೆದ ಕೈಗೆ, ಅವನ್ನೆಲ್ಲ ಒಮ್ಮೆ ಮುಟ್ಟಿ ನೋಡಬೇಕೆಂಬ ಆಸೆ ಹುಟ್ಟಿದ್ದು ತೀರ ಈಚೆಗೆ, ಫೋನಿನಲ್ಲಿ ಹಳೆಯ ಕಾರುಗಳ ಗುಂಪೊಂದಕ್ಕೆ ಸೇರಿದ ಮೇಲೆ. ಅವರಿಗೆ ಜೊತೆ ಖಾಜಾ ಸಾಬರು. ಹಿಂದಿನ ಓಣಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುವ ಯೂನಿಟ್ ನಡೆಸುತ್ತಾರೆ. ಕೆಟ್ಟ ಹೊಲಿಗೆ ಮಷೀನುಗಳನ್ನು ತಾವೇ ಬಿಚ್ಚಿ ಜೋಡಿಸಿ ರೂಢಿಯಾಗಿರುವುದರಿಂದ, ಕಾರೆಂದರೆ ನಾಲ್ಕು ಚಕ್ರದ ಹೊಲಿಗೆ ಮಷೀನು ಎಂಬುದು ಅವರ ನಂಬಿಕೆ. ಕಾರೆಂದರೆ ಒಂದು ಅಧ್ಯಾಯ ಎಂಬುದು ನಮ್ಮವರ ನಂಬಿಕೆ. ಇಬ್ಬರ ನಡುವೆ ನಮ್ಮ ಹದಿನೈದು ವರ್ಷದ ಬಡಪಾಯಿ ಕಾರು, ಬಾಯಿ ತೆರೆದು, ಹಲ್ಲಿನ ಡಾಕ್ಟರ ಮುಂದೆ ಕೂತ ಹಾಗೆ ಕೂತಿರುತ್ತದೆ.

ಮೊದಲು ಅಗಲ ಬಾಯಿಯ ಏರ್ ಫಿಲ್ಟರ್ ಬಂತು. "ಕಾರು ಸರಿಯಾಗಿ ಉಸಿರಾಡಬೇಕು, ತಿಳೀತಾ? ಅಂದ್ರ ಪಿಕಪ್ ಬರತೈತಿ" ಎಂದರು ನಮ್ಮವರು. ಅಂದಿನಿಂದ ಅದು ಉಸಿರಾಡುವುದು ನಮ್ಮ ಓಣಿಗೆಲ್ಲ ಕೇಳುತ್ತಿದೆ. ಆಮೇಲೆ ದಪ್ಪನೆಯ ಸೈಲೆನ್ಸರ್ ಪೈಪು. ಅದನ್ನು ಹಾಕಿದ ದಿನ ಶಾರದಮ್ಮನವರು ಕುಕ್ಕರ್ ಹಾರಿತೆಂದು ಓಡಿಬಂದಿದ್ದರು. ಇಷ್ಟಕ್ಕೂ ಈ ಪಿಕಪ್ಪನ್ನು ಇಟ್ಟುಕೊಂಡು ನಾವು ಹೋಗುವುದಾದರೂ ಎಲ್ಲಿಗೆ? ಬಳ್ಳಾರಿಯ ಮೋತಿ ಸರ್ಕಲ್ಲಿನಲ್ಲಿ ನಮ್ಮ ಮುಂದೆ ಒಂದು ಆಟೋ, ಅದರ ಮುಂದೆ ಒಂದು ಎಮ್ಮೆ. ಎಮ್ಮೆಯ ವೇಗವೇ ಎಲ್ಲರ ವೇಗ. ಇದನ್ನು ನಾನು ಹೇಳುವುದಿಲ್ಲ. ಅವರ ಮುಖದಲ್ಲಿ ಗ್ರೀಸಿನ ಗೆರೆ ಇದ್ದಾಗ ಅವರು ಇಪ್ಪತ್ತೈದು ವರ್ಷದವರ ಹಾಗೆ ಕಾಣುತ್ತಾರೆ. ನಾನು ಅದನ್ನೂ ಹೇಳುವುದಿಲ್ಲ.

ಆದರೆ ಈ ಸಲ ಸುಮ್ಮನಿರಲು ಆಗಲಿಲ್ಲ. ನಮ್ಮ ಒಬ್ಬಳೇ ಮಗಳು ವೀಣಾಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೇವೆ. ಏಳು ತಿಂಗಳು ತುಂಬುತ್ತಿತ್ತು. ಚೊಚ್ಚಲ ಬಾಣಂತನಕ್ಕೆ ಕರೆತರಲು ಗುರುವಾರ ಒಳ್ಳೆಯದೆಂದು ಬೀಗರು ಹೇಳಿ ಕಳಿಸಿದ್ದರು. ಆ ಗುರುವಾರಕ್ಕೆ ನಾಲ್ಕೇ ದಿನ ಇರುವಾಗ, ಭಾನುವಾರ ಬೆಳಿಗ್ಗೆ 'ಟಕ್' ಎಂದಿತು.

"ಈಗ್ಯಾಕ್ರೀ ಬಿಚ್ಚೀರಿ?" ಎಂದೆ.

"ಬ್ರೇಕ್ ಪ್ಯಾಡ್ ಸವದಾವು. ಹೊಸಾವು ಹಾಕಬೇಕು. ಹುಡುಗಿ ಕೂಡ್ತಾಳಲ್ಲ, ಅದಕ್ಕ."

"ಹುಡುಗಿ ಕೂಡ್ತಾಳಂತನ ನಾನು ಹೇಳಾಕತ್ತೀನಿ. ಗ್ಯಾರೇಜಿಗೆ ಕೊಡ್ರಿ. ಇಲ್ಲಾ, ಅವತ್ತೊಂದು ದಿನ ಬಾಡಿಗಿ ಕಾರು ಮಾಡೋಣ."

ಅವರು ಎದ್ದು ನಿಂತು ಸ್ಪ್ಯಾನರನ್ನು ಬೆತ್ತದಂತೆ ಹಿಡಿದರು. "ಚೊಚ್ಚಲ ಬಾಣಂತನಕ್ಕ ಮಗಳನ್ನ ಬಾಡಿಗಿ ಕಾರಿನಾಗ ತರೋದಾ? ಬೀಗರು ಏನಂದಾರು?"

ಚಕ್ರದ ಹಿಂದಿನಿಂದ ಖಾಜಾ ಸಾಬರ ತಲೆ ಮೇಲೆದ್ದಿತು. "ಭಾಬಿ, ಫಿಕರ್ ಮಾಡಬ್ಯಾಡ್ರಿ. ವೀಣಾ ನನಗೂ ಮಗಳ ಅಲ್ಲೇನ್ರಿ? ಬ್ರೇಕ್ ಅಂದ್ರ ಏನೈತ್ರಿ, ಎರಡು ಕಡೆಯಿಂದ ಹಿಡಿಬೇಕು, ಬಿಡಬೇಕು."

ಹಿಡಿಯುವುದು, ಬಿಡುವುದು. ಸಂಸಾರವೂ ಇಷ್ಟೇ ಎಂದು ಹೇಳಿ ಕೆಡಿಸಿಕೊಂಡವರು ಎಷ್ಟು ಮಂದಿಯೋ ಎಂದುಕೊಂಡು ನಾನು ಒಳಗೆ ಬಂದೆ. ಅಡುಗೆಮನೆಯ ಕಿಟಕಿಯಿಂದ ನೋಡುತ್ತಲೇ ಇದ್ದೆ. ಮುಂದಿನ ಎರಡು ಚಕ್ರಗಳು ಕಳಚಿದವು. ಒಂದೊಂದೇ ಸಾಮಾನು ಹೊರಗೆ ಬಂದು, ಹಳೆಯ ಪೇಪರಿನ ಮೇಲೆ ಮಲಗಿತು. ಕಡೆಗೆ ಇಬ್ಬರೂ ಪ್ಯಾಡ್ ತರಲು ಸ್ಕೂಟರಿನಲ್ಲಿ ಹೋದರು.

ಬಳ್ಳಾರಿಯ ಗಾಳಿ ಸುಮ್ಮನೆ ಬೀಸುವುದಿಲ್ಲ, ಕೆಂಧೂಳು ಹೊತ್ತುಕೊಂಡೇ ಬೀಸುತ್ತದೆ. ಪೇಪರು ಪಟಪಟ ಎಂದಿತು. ಸಾಮಾನು ಹಾರಿಹೋದರೆ ಗತಿಯೇನೆಂದು ನಾನು ಹೊರಗೆ ಹೋದೆ. ಹೋಗಿ ನೋಡಿದರೆ, ಬೆರಳುದ್ದದ ನಾಲ್ಕು ಉಕ್ಕಿನ ಕಡ್ಡಿಗಳು, ಇವರ ಭಾಷೆಯಲ್ಲಿ ಪಿನ್ನು. ಮೈಯೆಲ್ಲ ಜಿಡ್ಡು, ಜಿಡ್ಡಿನ ಮೇಲೆ ಧೂಳು. ನನ್ನ ಮಗಳು ಕೂರುವ ಕಾರಿನೊಳಕ್ಕೆ ಈ ಕೊಳೆ ಹೋಗುವುದೇ? ಚಿಂತೆ ಹತ್ತಿದಾಗ ಕೆಲವರು ಜಪ ಮಾಡುತ್ತಾರೆ, ಕೆಲವರು ನಿದ್ದೆ ಹೋಗುತ್ತಾರೆ. ನಾನು ತೊಳೆಯುತ್ತೇನೆ. ಬಿಸಿನೀರಿನಲ್ಲಿ ಪಾತ್ರೆ ಸೋಪು ಹಾಕಿ ನೆನೆಸಿ, ನಾರಿನಿಂದ ಉಜ್ಜಿ, ಮೂರು ನೀರಿನಲ್ಲಿ ಜಾಲಿಸಿ, ಒರೆಸಿ, ಬಿಸಿಲಿಗಿಟ್ಟು, ಇದ್ದ ಜಾಗದಲ್ಲೇ ಜೋಡಿಸಿಟ್ಟೆ. ಬೆಳ್ಳಿ ಚಮಚಗಳ ಹಾಗೆ ಹೊಳೆಯುತ್ತಿದ್ದವು.

ಇಬ್ಬರೂ ಮರಳಿದರು. ನಮ್ಮವರು ಪಿನ್ನನ್ನು ಎತ್ತಿ ನೋಡಿ, ಇದು ಖಾಜಾ ಸಾಬರದೇ ಕೆಲಸವೆಂದುಕೊಂಡು "ಭೇಷ್, ಕೆಲಸ ಅಂದ್ರ ಹಿಂಗಿರಬೇಕು" ಎಂದರು. ಖಾಜಾ ಸಾಬರು, ಮೇಷ್ಟ್ರು ತಮ್ಮ ಕೆಲಸವನ್ನು ತಾವೇ ಮೆಚ್ಚಿಕೊಳ್ಳುತ್ತಿದ್ದಾರೆಂದುಕೊಂಡು "ಹೌದ್ರಿ ಸರ್, ಮಸ್ತ್ ಆಗೈತಿ" ಎಂದರು. ನಾನು ಬಾಗಿಲಲ್ಲಿ ನಿಂತು, ಯಾರಿಗೂ ಹೇಳದ ಪುಣ್ಯಕ್ಕೆ ಫಲ ಹೆಚ್ಚೆಂದು ಸುಮ್ಮನಾದೆ.

ಮಂಗಳವಾರ ಸಂಜೆ, ಒಂದು ಸಲ ಓಡಿಸಿ ನೋಡೋಣವೆಂದು ಕುರುಗೋಡಿಗೆ ಹೊರಟೆವು. ದೊಡ್ಡ ಬಸವಣ್ಣನಿಗೆ ಕೈಮುಗಿದೂ ಆಯಿತು, ಬ್ರೇಕು ನೋಡಿದ್ದೂ ಆಯಿತು ಎಂಬ ಲೆಕ್ಕ. ನಾನು ಮುಂದೆ, ಖಾಜಾ ಸಾಬರು ಹಿಂದೆ. ಊರು ದಾಟುವವರೆಗೆ ಚೆನ್ನಾಗಿತ್ತು. ಆಮೇಲೆ ಪ್ರತಿ ಉಬ್ಬಿನ ಹತ್ತಿರ ಎಡಗಡೆಯ ಚಕ್ರ 'ಕೀಂ' ಎಂದಿತು. ಬ್ರೇಕಿನಿಂದ ಕಾಲು ತೆಗೆದ ಮೇಲೂ 'ಕೀಂ' ನಿಲ್ಲಲಿಲ್ಲ. ಕಾರು ತಾನಾಗಿ ಎಡಕ್ಕೆ, ಗದ್ದೆಯ ಕಡೆಗೆ ವಾಲತೊಡಗಿತು. ಹಪ್ಪಳ ಕರಕಾದಂಥ ವಾಸನೆ. ಖಾಜಾ ಸಾಬರು ಕೂತ ಜಾಗದಲ್ಲಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ವೀಣಾ ಕೂತ ಹಾಗೆ ಕಂಡಿತು.

"ಖಾಜಾ, ಆ ಪ್ಯಾಡ್ ಡೂಪ್ಲಿಕೇಟ್ ಅದಾವ" ಎಂದರು ಇವರು.

"ಅರೆ ಸರ್, ಆರಿಸಿದ್ದು ನೀವು! ನಾನು ಬರೇ ಸ್ಕೂಟರ್ ಹೊಡದೀನಿ."

"ಎಡಗಡೆ ಫಿಟ್ ಮಾಡಿದಾವ ನೀನು."

"ಮಾಡೀನ್ರಿ. ನೀವು ಹೇಳ್ದಂಗ ಮಾಡೀನಿ. ನಾಳಿಂದ ನಿಮ್ ಕಾರು ನೀವ ನೋಡ್ಕೋರಿ!"

ಮೂವತ್ತು ವರ್ಷದ ಗೆಳೆತನ ನನ್ನ ಕಣ್ಣೆದುರಿಗೆ ಸವೆಯುತ್ತಿತ್ತು. ಹಬ್ಬಕ್ಕೆ ಅವರ ಮನೆಯಿಂದ ಬರುವ ಶಾವಿಗೆಯ ಶೀರ್‌ಖುರ್ಮಾ ನೆನಪಾಯಿತು. "ನಿಲ್ಲಿಸ್ರಿ, ಯಾರಿಗಾದರೂ ತೋರಿಸ್ರಿ" ಎಂದು ನಾನು ಕೂಗಿದ್ದು ನನಗೇ ಕೇಳಿ ಬೆಚ್ಚಿದೆ. ಮದುವೆಯಾದ ಮೇಲೆ ನಾನು ಅಷ್ಟು ಗಟ್ಟಿಯಾಗಿ ಮಾತಾಡಿದ್ದಿಲ್ಲ.

ಕುರುಗೋಡಿನ ಮೊದಲಲ್ಲೇ ಬೇವಿನ ಮರದಡಿ ಒಂದು ಗ್ಯಾರೇಜು. ಈರಣ್ಣ ಎಂಬ ವಯಸ್ಸಾದ ಮೇಸ್ತ್ರಿ ಜಾಕ್ ಕೊಟ್ಟು ಚಕ್ರ ಬಿಚ್ಚಿದ. ಚಕ್ರದಿಂದ ಹಬೆಯಂತೆ ಬಿಸಿ ಹೊಡೆಯುತ್ತಿತ್ತು. ಒಂದು ಪಿನ್ನನ್ನು ಹೇಗೋ ಎಳೆದು ತೆಗೆದು, ಚಿಂದಿಯಲ್ಲಿ ಹಿಡಿದು ತಿರುಗಿಸಿ ನೋಡಿದ. ಇನ್ನೊಂದು ಚಕ್ರವನ್ನೂ ಬಿಚ್ಚಿ ಅದರ ಪಿನ್ನು ತೆಗೆದ. ಆಮೇಲೆ ಅದನ್ನು ಮೂಗಿನ ಹತ್ತಿರ ಹಿಡಿದ.

"ಇದಕ್ಕ ನಿಂಬಿಹಣ್ಣಿನ ವಾಸನಿ ಬರತೈತಲ್ರಿ!"

ನಮ್ಮವರು ಖಾಜಾ ಸಾಬರನ್ನು ನೋಡಿದರು. ಖಾಜಾ ಸಾಬರು ನಮ್ಮವರನ್ನು ನೋಡಿದರು. ಇಬ್ಬರೂ ಒಟ್ಟಿಗೆ, "ಅವತ್ತು ತೊಳದಾವ ನೀನಲ್ಲೇನು?" "ನೀವಲ್ಲೇನ್ರಿ ಸರ್?" ಎಂದರು.

ಸುಮ್ಮನಿದ್ದರೆ ಇಬ್ಬರ ಜಗಳ ಇಬ್ಬರಲ್ಲೇ ಮುಗಿಯುತ್ತಿತ್ತು. ನನ್ನ ಹೆಸರೇ ಬರುತ್ತಿರಲಿಲ್ಲ. ಆ ಯೋಚನೆ ನನಗೆ ಬರಲಿಲ್ಲವೆಂದು ಬರೆದರೆ ಸುಳ್ಳಾದೀತು. ಬಂತು, ಒಂದು ಗಳಿಗೆ ಕೂತೂ ಇತ್ತು. ಆದರೆ ನಾಡಿದ್ದು ಇದೇ ಚಕ್ರದ ಮೇಲೆ ನನ್ನ ಮಗಳು ಬರಬೇಕಿತ್ತು. ಏನಾಗಿದೆಯೆಂದು ಮೇಸ್ತ್ರಿಗೆ ಸರಿಯಾಗಿ ಗೊತ್ತಾಗದೆ ಹೋದರೆ?

"ನಾನ್ರಿ, ತೊಳದಾಕಿ" ಎಂದೆ.

ಈರಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾಕ್ರಿ ಅಕ್ಕಾರ?"

"ಜಿಡ್ಡಾಗಿತ್ತು."

"ಅಕ್ಕಾರ, ಅದು ಜಿಡ್ಡಾಗೇ ಇರಬೇಕ್ರಿ. ಈ ಪಿನ್ನಿನ ಮ್ಯಾಲೆ ಬ್ರೇಕು ಆ ಕಡೆ ಈ ಕಡೆ ಸರಿದಾಡತೈತಿ. ಗ್ರೀಸ್ ಇಲ್ಲಂದ್ರ ಹಿಡಿದಿದ್ದು ಬಿಡಂಗಿಲ್ಲ." ಎಂದವನು, ಇಬ್ಬರು ಗಂಡಸರ ಕಡೆಗೆ ತಿರುಗಿದ. "ಅವರು ತೊಳದ್ರು, ಹೆಣ್ಣುಮಕ್ಕಳು. ನೋಡಿ ಗ್ರೀಸ್ ಹಚ್ಚಾಕ ನಿಮಗೇನಾಗಿತ್ರಿ?"

ಖಾಜಾ ಸಾಬರು ಬೇವಿನ ಮರದ ಎಲೆಗಳನ್ನು ಎಣಿಸತೊಡಗಿದರು. ಮೂವತ್ತು ವರ್ಷ ಘರ್ಷಣೆಯ ಪಾಠ ಮಾಡಿದವರು ತಮ್ಮ ಚಪ್ಪಲಿ ನೋಡಿಕೊಂಡರು. ನಾನು ಸೆರಗಿನ ತುದಿಯನ್ನು ಇನ್ನಷ್ಟು ಮುದುರಿದೆ. ಈರಣ್ಣ ನಾಲ್ಕೂ ಪಿನ್ನಿಗೆ ಗ್ರೀಸ್ ಬಳಿದು, ಪ್ಯಾಡು ಒಳ್ಳೆಯವೇ ಇವೆ ಎಂದು ಹೇಳಿ, ಸ್ವತಃ ಕೂತು ಊರ ಬಾಗಿಲವರೆಗೆ ಓಡಿಸಿಕೊಂಡು ಬಂದ. 'ಕೀಂ' ಹೋಗಿತ್ತು. ಮರಳುವಾಗ ಅರ್ಧ ದಾರಿಗೆ ಬಂದ ಮೇಲೆ ಖಾಜಾ ಸಾಬರು ಹಿಂದಿನಿಂದ ಮೆಲ್ಲಗೆ, "ಭಾಬಿ, ನಮ್ಮ ಯೂನಿಟ್ಟಿನ ಕಡೆ ಯಾವಾಗ್ಯಾದ್ರೂ ಬಂದ್ರ, ಮಷೀನಿನ ಹತ್ರ ಮಾತ್ರ ಹೋಗಬ್ಯಾಡ್ರಿ" ಎಂದರು. ನಮ್ಮವರ ಹೆಗಲು ಕುಲುಕಿತು. ಅಷ್ಟು ಹೊತ್ತಿನ ಮೇಲೆ ಇಬ್ಬರೂ ಒಟ್ಟಿಗೆ ನಕ್ಕರು. ನಾನು ಕಿಟಕಿಯಾಚೆ ನೋಡಿದೆ.

ಗುರುವಾರ ಸಿರುಗುಪ್ಪಕ್ಕೆ ಹೋದೆವು. ಬೀಗರ ಮನೆಯಲ್ಲಿ ಊಟವಾಯಿತು, ವೀಣಾಳಿಗೆ ಉಡಿ ತುಂಬಿದರು. ಹೊರಡುವಾಗ ಇವರು ಹಿಂದಿನ ಬಾಗಿಲು ತೆಗೆದು, ದಿಂಬು ಸರಿಮಾಡಿ, ಕಾಲೇಜಿಗೆ ಇನ್ಸ್‌ಪೆಕ್ಷನ್ ಬಂದವರ ಎದುರಿಗೆ ನಿಂತಂತೆ ಮೈ ನೆಟ್ಟಗೆ ಮಾಡಿ ನಿಂತರು. ನನಗೆ ಒಂದೇ ಆತಂಕ. ಅಪ್ಪ ತಾನೇ ಬಿಚ್ಚಿ ಜೋಡಿಸಿದ ಕಾರೆಂದರೆ ಹುಡುಗಿ ಹೆದರಿಯಾಳು, ಬೀಗರ ಮುಂದೆ ಏನಾದರೂ ಅಂದುಬಿಟ್ಟರೆ ಇವರ ಮುಖ ಎಷ್ಟಾಗುತ್ತದೋ. ಅವಳಿಗೆ ಧೈರ್ಯ ಹೇಳಲು ನಾನು ಎರಡು ಮಾತು ಹೊಂದಿಸಿಕೊಂಡೇ ಬಂದಿದ್ದೆ.

ವೀಣಾ ಒಂದು ಕೈ ಸೊಂಟಕ್ಕೆ, ಒಂದು ಕೈ ಕಾರಿನ ಬಾಗಿಲಿಗೆ ಕೊಟ್ಟು ನಿಂತಳು. ಅಪ್ಪನ ಕಡೆ ಬಾಗಿ, ನನಗೆ ಕೇಳಬಾರದೆಂದು ಪಿಸುಗುಟ್ಟಿದಳು. ಕೇಳಿತು.

"ಅಪ್ಪಾ, ಕುರುಗೋಡಿನಿಂದ ಬಂದ ಮ್ಯಾಲೆ ಅಮ್ಮ ಮತ್ತೇನೂ ತೊಳದಿಲ್ಲ ಹೌದಲ್ಲೋ?"

"ಇಲ್ಲವ್ವ, ಎರಡು ದಿನ ಕಾರಿನ ಹತ್ರ ನಾನ ಕೂತೀನಿ" ಎಂದರು ಇವರು.

ಸುದ್ದಿ ಫೋನಿನಲ್ಲಿ ನನಗಿಂತ ಮೊದಲೇ ಸಿರುಗುಪ್ಪ ಮುಟ್ಟಿತ್ತು. ಅವಳು ನಿಶ್ಚಿಂತೆಯಿಂದ ಹತ್ತಿ ಕೂತಳು. ತೆಕ್ಕಲಕೋಟೆ ದಾಟುವುದರೊಳಗೆ ನಿದ್ದೆ ಹೋಗಿದ್ದಳು. ನನ್ನ ಎದುರಿಗೆ, ಕಾರಿನ ಗಾಜಿನ ಕೆಳಗೆ, ಬೆರಳಿಂದ ಹೆಸರು ಬರೆಯುವಷ್ಟು ಧೂಳು ಕೂತಿತ್ತು. ಬಳ್ಳಾರಿ ಬರುವವರೆಗೂ ಎರಡೂ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು, ಅದನ್ನೇ ನೋಡುತ್ತ ಕೂತಿದ್ದೆ.